ಒಳಗಿನ ಹಿಡಿ

ಮುಖಗವಚದ ಗಾಜಿನ ಮೇಲೆ ನನ್ನ ಉಸಿರೇ ಮಂಜಾಗಿ ಕೂರುತ್ತದೆ, ಕರಗುತ್ತದೆ, ಮತ್ತೆ ಕೂರುತ್ತದೆ, ಕೂತಾಗ ಎದುರಿನವರೆಲ್ಲ ಸೇರಿ ಒಂದು ಕಪ್ಪು ರಾಶಿ, ಕರಗಿದಾಗ ಒಬ್ಬೊಬ್ಬರದೂ ಒಂದೊಂದು ಮುಖ, ಮಂಜೇ ವಾಸಿ, ಮಂಜೇ ಇರಲಿ, ಮುಖ ಕಂಡರೆ ಲಾಠಿ ಭಾರವಾಗುತ್ತದೆ — ಪಕ್ಕದಲ್ಲಿ ಪ್ರತಿಮಾ ಮೂಗು ತುರಿಸಿಕೊಳ್ಳಲು ಕವಚದೊಳಗೆ ಬೆರಳು ತೂರಿಸಲಾಗದೆ ಒದ್ದಾಡುತ್ತಿದ್ದಾಳೆ, ಅಕ್ಕಾ, ಒಳಗೆ ಎಷ್ಟು ಜನ ಇದಾರಕ್ಕಾ, ಸುಮ್ಮನಿರೇ, ಎಣಿಸಬೇಡ, ಭೂಮಿಯಲ್ಲಿದ್ದಾಗ ಅರಸೀಕೆರೆಯ ಕೊಬ್ಬರಿ ಮಂಡಿಯವರ ಮನೆಯ ಹುಡುಗಿ ಇದು, ಅಂಗಡಿಗೆ ಬಂದ ದನ ಓಡಿಸಿ ಗೊತ್ತೇ ಹೊರತು ಕೋಲೆತ್ತಿ ಮನುಷ್ಯರಿಗೆ ಹೊಡೆದವಳಲ್ಲ, ಹೊಡೆದರೆ ಹೇಗಿರುತ್ತೆ ಅಂತ ನನ್ನನ್ನು ಬೆಳಗ್ಗೆ ಕೇಳಿದಳು, ನಾನು ಅವಳ ಕವಚದ ಪಟ್ಟಿ ಬಿಗಿದೆ — ಎಂಥ ಸೆಕೆ, ಬೆನ್ನ ಮೇಲೆ ಬೆವರಿನ ಹನಿಯೊಂದು ಇಳಿಯುತ್ತಾ ಇಳಿಯುತ್ತಾ ಬೆಲ್ಟಿನ ಹತ್ತಿರ ನಿಂತುಬಿಟ್ಟಿದೆ, ಇದು ಆಕಾಶದ ಹಡಗಿನ ಕೆಳ ಅಂತಸ್ತು, ಜನ ಇದಕ್ಕೆ ಅರಸೀಕೆರೆ ಅನ್ನುತ್ತಾರೆ, ನಡುವಿನದು ಹಳೇಬೀಡು, ಮೇಲಿನದು ಬೇಲೂರು, ಯಾರಿಟ್ಟ ಹೆಸರೋ, ಜಾವಗಲ್ ಆಚೆಯ ಬಯಲಿನಿಂದ ಹಡಗು ಮೇಲೆದ್ದ ಹೊಸದರಲ್ಲೇ ಹುಟ್ಟಿಕೊಂಡವು, ಅರಸೀಕೆರೆ ಅಂದರೆ ರೈಲು ಬದಲಾಯಿಸುವ ಊರು, ಗಂಟುಮೂಟೆಯ ಮೇಲೆ ಕೂತು ಕಾಯುವ ಊರು, ಮೇಲೆ ಜಾಗ ಆಗುವವರೆಗೂ ಇಲ್ಲಿರಿ ಅಂದಿದ್ದರು ಕೂಲಿಯವರಿಗೆ, ಆ ರೈಲು ಇನ್ನೂ ಬಂದಿಲ್ಲ. ಕಿಟಕಿಯಲ್ಲಿ ನೋಡಿದರೆ ಹಿಂದೆ ಮುಂದೆ ಇಂಥವೇ ಹಡಗುಗಳ ಸಾಲು, ಕತ್ತಲಲ್ಲಿ ಮಿಣುಕು ಹುಳುಗಳ ಹಾಗೆ, ಒಂದೊಂದರಲ್ಲಿ ಒಂದೊಂದು ಸೀಮೆಯ ಜನ, ಗಾಳಿ ಕೆಟ್ಟ ಆ ವರ್ಷ ಎಲ್ಲರೂ ಒಂದೇ ಥರ ಕೆಮ್ಮುತ್ತಾ ಭೂಮಿ ಬಿಟ್ಟು ಓಡಿಬಂದವರು, ಬಯಲಿನಲ್ಲಿ ಸಾಲುಗಟ್ಟಿ ನಿಂತಾಗ ಎಲ್ಲರ ಮುಖಕ್ಕೂ ಒದ್ದೆ ಟವೆಲ್ಲು, ಯಾರು ಮೇಷ್ಟರು ಯಾರು ಕೂಲಿ ಗೊತ್ತಾಗುತ್ತಿರಲಿಲ್ಲ, ಹತ್ತಿದ ಮೇಲೆ ಗೊತ್ತಾಯಿತು.

ಎದುರಿಗೆ ಪಂಪ್‌ಹೌಸಿನ ಬಾಗಿಲು, ಕಬ್ಬಿಣದ್ದು, ಆಳೆತ್ತರಕ್ಕಿಂತ ಎತ್ತರ, ಮುಚ್ಚಿಕೊಳ್ಳದಿರಲಿ ಅಂತ ಒಳಗೆ ಕೂತ ಕೂಲಿಗಳು ಅಡ್ಡಕ್ಕೆ ಒಂದು ಪೈಪು ಕೊಟ್ಟಿದ್ದಾರೆ, ಪೈಪಿನಾಚೆ ಅವರು, ಈಚೆ ಗಾರ್ಡುಗಳು ನಾವು, ಅವರು ಪಂಪು ನಿಲ್ಲಿಸಿ ಕೂತಿದ್ದಾರೆ, ಬೇಲೂರಿನ ನಲ್ಲಿಗಳಲ್ಲಿ ನೀರಿಲ್ಲ, ಮೇಲಿನ ತೋಟದ ಗಿಡಗಳು ಬಾಡಿವೆಯಂತೆ, ಮೇಷ್ಟರುಗಳು, ಆಫೀಸಿನವರು, ಪೂಜೆಯವರು, ಮಂಡಿ ಸಾಹುಕಾರರು ಎಲ್ಲರೂ ಕೊಡ ಹಿಡಿದು ಗಾರ್ಡುಗಳಿರುವ ನಮ್ಮ ನಡುವಿನ ಅಂತಸ್ತಿಗೆ, ತೊಟ್ಟಿಯಲ್ಲಿ ಉಳಿದ ನೀರಿಗೆ ಇಳಿದು ಬಂದಿದ್ದರು, ಜನ್ಮದಲ್ಲಿ ಮೊದಲ ಸಲ ಸೊಂಟದ ಮೇಲೆ ಕೊಡ ಇಟ್ಟವರ ಹಾಗೆ ನಡೆಯುತ್ತಿದ್ದರು, ನಗು ಬಂತು ನನಗೆ, ಆಮೇಲೆ ನಾಚಿಕೆಯಾಯಿತು, ಆಮೇಲೆ ಸುನಿಲ್ ನೆನಪಾದ. ಸುನಿಲ್ ನನ್ನ ಮೈದುನ, ನನ್ನ ಗಂಡನ ತಮ್ಮ, ಅತ್ತಿಗೇ ಅಂತ ಕೊನೆಯಕ್ಷರ ಎಳೆದು ಕರೆಯುತ್ತಿದ್ದ, ಏನಾದರೂ ಕೇಳುವುದಿದ್ದರೆ ಇನ್ನೂ ಉದ್ದ ಎಳೆಯುತ್ತಿದ್ದ — ಹಬೆಯ ಕೊಳವೆ ಒಡೆದ ದಿನ ಅವನು ಕೊಳವೆಗಳ ಓಣಿಯೊಳಗೆ ನಟ್ಟು ಬಿಗಿಯುತ್ತಿದ್ದ, ಹಬೆ ಮೇಲಿನ ಅಂತಸ್ತಿಗೆ ನುಗ್ಗೀತು, ಓಣಿಯ ಬಾಗಿಲು ಮುಚ್ಚಿ ಅಂತ ಮೇಲಿನಿಂದ ಅಪ್ಪಣೆ ಬಂತು, ಮುಚ್ಚಿದರು, ಬಾಗಿಲಿಗೆ ಹಿಡಿ ಇರುವುದು ಹೊರಗಡೆ ಮಾತ್ರ, ಕೆಳ ಅಂತಸ್ತಿನ ಯಾವ ಬಾಗಿಲಿಗೂ ಒಳಗಡೆ ಹಿಡಿಯಿಲ್ಲ, ಹೊರಗಿನವರು ಮುಚ್ಚಬೇಕು, ಒಳಗಿನವರು ತೆಗೆಯಬಾರದು ಅಂತಲೇ ಕಟ್ಟಿದ್ದಾರೆ, ಆ ಹೊರಗಿನ ಹಿಡಿಯ ಮುಂದೆ ನಮ್ಮ ದಳದ ಮುಖ್ಯಸ್ಥ ಲಾಠಿ ಅಡ್ಡ ಹಿಡಿದು ನಿಂತುಕೊಂಡನಂತೆ, ನಾನು ಆವತ್ತು ಮೇಲಿನ ಗೇಟಿನಲ್ಲಿದ್ದೆ, ನನಗೆ ಸುದ್ದಿ ಬಂದದ್ದು ಎಲ್ಲ ಮುಗಿದ ಮೇಲೆ, ಸುನಿಲ್ ಒಳಗಿನಿಂದ ಸ್ಪ್ಯಾನರಿನಲ್ಲಿ ಬಾಗಿಲು ಬಡಿದನಂತೆ, ಅತ್ತೆ ಓಡಿಬಂದು ಕಾದ ಕಬ್ಬಿಣಕ್ಕೆ ಕೆನ್ನೆಯಿಟ್ಟು ಮಗಾ ಮಗಾ ಅಂದರಂತೆ, ಈಗಲೂ ಆ ಕೆನ್ನೆಯ ಮೇಲೆ ಸುಟ್ಟ ಕಲೆಯಿದೆ, ಬಡಿತ ನಿಂತಿತು, ಆಮೇಲೆ ಬಾಗಿಲು ತೆಗೆದರು, ಬೇಯಿಸಿದ ಗೆಣಸಿನ ಸಿಪ್ಪೆಯ ಹಾಗೆ ಕೈಯ ಚರ್ಮ ಕಳಚಿ ಸ್ಪ್ಯಾನರಿಗೆ ಅಂಟಿಕೊಂಡಿತ್ತು, ನಾನು ನೋಡಿದೆ, ಅದನ್ನು ಮಾತ್ರ ನೋಡಿದೆ, ಮುಖ ನೋಡಲಿಲ್ಲ. ಇವರು ಕೇಳುತ್ತಿರುವುದು ಇಷ್ಟೇ, ಬಾಗಿಲುಗಳಿಗೆ ಒಳಗಡೆಯೂ ಒಂದು ಹಿಡಿ ಹಾಕಿ, ಮುಚ್ಚಲು ಹೇಳಿದವರು ಯಾರು ಅಂತ ಹೇಳಿ. ಒಂದು ಹಿಡಿ. ಕಬ್ಬಿಣದ ಒಂದು ತುಂಡು. ಮೇಲಿನಿಂದ ಬಂದ ಉತ್ತರ, ಪರಿಶೀಲಿಸಲಾಗುವುದು.

ಮೈಕಿನಲ್ಲಿ ಕೆಮ್ಮಿದ ಸದ್ದು, ವಿಜಯಸಾರಥಿಯವರು, ಹಡಗಿನ ಆಡಳಿತ ನೋಡುವವರು, ಭೂಮಿಯಲ್ಲಿದ್ದಾಗ ಬೇಲೂರಿನಲ್ಲಿ ಕಾಲೇಜು ಮೇಷ್ಟರಾಗಿದ್ದರು, ಮಕ್ಕಳಿಗೆ ನಾಟಕ ಆಡಿಸುತ್ತಿದ್ದರಂತೆ, ಅವರ ಕನ್ನಡ ಕೇಳಲು ಎಷ್ಟು ಚೆಂದ, ಬಂಧುಗಳೇ, ನೀರು ಯಾರ ಸ್ವತ್ತೂ ಅಲ್ಲ, ಮೇಲೆ ಹಸುಗೂಸುಗಳಿವೆ, ವೃದ್ಧರಿದ್ದಾರೆ, ತಾವು ದಯಮಾಡಿ ಹೊರಬರಬೇಕು, ಬಲಪ್ರಯೋಗ ನಮಗೆ ಇಷ್ಟವಿಲ್ಲದ ಸಂಗತಿ — ಒಳಗಿನಿಂದ ಒಂದು ಹೆಂಗಸಿನ ದನಿ, ಹಸುಗೂಸು ನಮ್ಮಲ್ಲಿಲ್ವೇನಪ್ಪಾ, ಅತ್ತೆಯದೇ, ಕಮಲಾಕ್ಷಮ್ಮ, ನನ್ನ ಅತ್ತೆ, ಬಿಕ್ಕೋಡಿನ ಎಸ್ಟೇಟುಗಳಲ್ಲಿ ಕಾಫಿ ಹಣ್ಣು ಕುಯ್ದ ಕೈಯಿ, ಉಬ್ಬಸದ ಎದೆ, ಆ ಎದೆಯಿಂದ ಇಷ್ಟು ದೊಡ್ಡ ದನಿ ಎಲ್ಲಿಂದ ಬರುತ್ತೋ, ಮೂರು ಮಾತಿಗೊಮ್ಮೆ ಉಸಿರು ಸಿಕ್ಕಿಕೊಳ್ಳುತ್ತೆ, ಅದರ ಔಷಧಿ ಸಿಗುವುದು ನಡುವಿನ ಅಂತಸ್ತಿನ ಆಸ್ಪತ್ರೆಯಲ್ಲಿ, ಕೊಡುವುದು ಗಾರ್ಡುಗಳ ಹೆಸರಿನಲ್ಲಿ, ನನ್ನ ಹೆಸರಿನಲ್ಲಿ, ಇದು ರಾಜಶೇಖರ್‌ಗೆ ಗೊತ್ತು, ಗೊತ್ತಿದ್ದೂ ಅಂದರು — ಗಂಡನ ಹೆಸರು ಹೇಳಿದೆ, ಮನಸ್ಸಿನೊಳಗೆ ತಾನೇ, ಅತ್ತೆ ಕೇಳಿಸಿಕೊಂಡರೆ ನಕ್ಕಾರು — ಸುನಿಲನ ಮಣ್ಣಿಲ್ಲದ ಮಣ್ಣಾದ ಮಾರನೆಯ ದಿನ, ಅವನನ್ನು ಬಟ್ಟೆಯಲ್ಲಿ ಸುತ್ತಿ ಕತ್ತಲೆಗೆ ಬಿಟ್ಟುಬಂದ ಮಾರನೆಯ ದಿನ, ನಾನು ಔಷಧಿ ಹಿಡಿದು ಕೆಳಗೆ ಹೋದರೆ ಬಾಗಿಲಲ್ಲೇ ನಿಲ್ಲಿಸಿದರು, ಈ ಗಾರ್ಡ್ ಬಟ್ಟೆ ಬಿಚ್ಚಾಕಿ ಬಾ, ಇಲ್ದಿದ್ರೆ ಬರಬೇಡ ಕಣೇ, ನಾನೂ ಬಿಡಲಿಲ್ಲ, ಬಟ್ಟೆ ಬಿಚ್ಚಿದ್ರೆ ನಿಮ್ಮವ್ವನಿಗೆ ಉಸಿರು ಯಾರು ತರ್ತಾರ್ರೀ, ನೀವು ತರ್ತೀರಾ, ಅಂದೆ, ಸೀಸೆ ಹೊಸಲಿನ ಮೇಲಿಟ್ಟು ತಿರುಗಿ ನೋಡದೆ ಬಂದೆ, ಎದೆಯಲ್ಲಿ ಕೊಳ್ಳಿ ಇಟ್ಟುಕೊಂಡವಳ ಹಾಗೆ ಮೆಟ್ಟಿಲು ಹತ್ತಿದೆ, ಅಷ್ಟೇ, ಆಮೇಲೆ ಮಾತಿಲ್ಲ. ನಾನು ಈ ಬಟ್ಟೆ ಹಾಕಿದ್ದು ಇಂದು ನಿನ್ನೆಯಲ್ಲ, ಭೂಮಿಯಲ್ಲಿದ್ದಾಗಲೇ ಹಳೇಬೀಡಿನ ದೇವಸ್ಥಾನದ ಗೇಟಿನಲ್ಲಿ ಹೋಮ್‌ಗಾರ್ಡ್ ಆಗಿದ್ದೆ, ಮಾದಿಹಳ್ಳಿಯ ಮನೆಯಲ್ಲಿ ಬೆಳಗಿನ ಹಾಲು ಕರೆದು ಡೈರಿಗೆ ಹಾಕಿ ಬಸ್ಸು ಹಿಡಿದು ಬರುತ್ತಿದ್ದೆ, ಚಪ್ಪಲಿ ಇಲ್ಲಿ ಬಿಡಿ, ಸಾಲಾಗಿ ಬನ್ನಿ, ಶಿಲ್ಪ ಮುಟ್ಟಬೇಡಿ, ರಾಜಶೇಖರ್ ಎಸ್ಟೇಟಿನ ಜೀಪು ಓಡಿಸುತ್ತಿದ್ದರು, ರಜಾ ದಿನ ಕೂಲಿ ಹೆಂಗಸರನ್ನೆಲ್ಲ ತುಂಬಿಕೊಂಡು ದೇವಸ್ಥಾನ ತೋರಿಸಲು ಬಂದಿದ್ದರು, ಎಲ್ಲರೂ ಕತ್ತೆತ್ತಿ ದೇವರುಗಳನ್ನು ನೋಡುತ್ತಿದ್ದರೆ ಇವರೊಬ್ಬರು ಕುಕ್ಕರುಗಾಲಲ್ಲಿ ಕೂತು ತಳದ ಆನೆಗಳ ಸಾಲು ನೋಡುತ್ತಿದ್ದರು, ಏನ್ರೀ ಅದು, ಮುಟ್ಟಬೇಡಿ ಅಂದೆ, ಮುಟ್ಟಿಲ್ಲ ಮೇಡಂ, ಇಷ್ಟೆಲ್ಲಾ ಹೊತ್ಕಂಡಿರೋವು ಇವು, ಒಬ್ರೂ ಮಾತಾಡ್ಸಲ್ವಲ್ಲಾ ಅಂತ ಮಾತಾಡಿಸ್ತಾ ಇದೀನಿ, ಅಂದರು, ಆನೆ ಏನಂತು ಅಂದೆ, ಮೇಡಂನ ಕೇಳು ಕಾಫಿ ಕುಡೀತಾರಾ ಅಂತು — ನಾನು ಆವತ್ತು ನಕ್ಕಿದ್ದು ಗೇಟಿನವರೆಗೂ ಕೇಳಿಸಿತಂತೆ.

ಮಂಜು ಕರಗಿತು, ಬಾಗಿಲಲ್ಲಿ ರಾಜಶೇಖರ್ ನಿಂತಿದ್ದಾರೆ. ಪೈಪಿನ ಕೆಳಗೆ ಬಗ್ಗಿ ಈಚೆಗೆ ಬಂದರು, ಎರಡೂ ಕೈ ಮೇಲೆತ್ತಿ, ಬೆರಳು ಬಿಡಿಸಿ, ನೋಡಿ ಏನೂ ಇಲ್ಲ ಅನ್ನುವ ಹಾಗೆ, ಗಡ್ಡ ಬಂದಿದೆ, ಕಣ್ಣು ಒಳಗೆ ಹೋಗಿದೆ, ಸಾಲಿನಲ್ಲಿ ಎಲ್ಲರನ್ನೂ ನೋಡುತ್ತಾ ಬಂದು ನನ್ನ ಮೇಲೆ ನಿಂತು ಮತ್ತೆ ಮುಂದಕ್ಕೆ ಹೋಯಿತು ನೋಟ, ಗುರುತು ಸಿಕ್ಕಲಿಲ್ಲವೋ, ಈ ಗಾಜಿನ ಹಿಂದೆ ಯಾರಿಗೆ ಗುರುತು ಸಿಕ್ಕೀತು, ಮುಖ್ಯಸ್ಥನ ಕಡೆ ತಿರುಗಿ, ಸಾರ್, ಜಗಳ ಬ್ಯಾಡ, ನಾಲ್ಕು ಹಿಡಿ ಬೆಸುಗೆ ಹಾಕ್ಸಿ, ನಮ್ ಕೈಯಾಗೆ ಹಾಕ್ಕತೀವಿ ಅಂದ್ರೆ ನಾವೇ ಹಾಕ್ಕತೀವಿ, ಈ ಗಳಿಗೆ ಪಂಪು ಶುರು ಮಾಡ್ತೀವಿ, ಅಂದರು, ಮುಖ್ಯಸ್ಥ ಅವರ ಮಾತು ಮುಗಿಯುವ ಮುಂಚೆಯೇ ಲಾಠಿಯ ತುದಿಯಿಂದ ಎದೆಗೆ ತಿವಿದ, ಹೋಗಲೇ ಒಳಗೆ, ಅಂದ, ಇವರು ಒಂದು ಹೆಜ್ಜೆ ಹಿಂದೆ ಹೋದರು, ಎರಡನೆಯ ಸಲ ತಿವಿದ, ಇವರು ಪೈಪಿನ ಮೇಲೆ ಬಿದ್ದರು, ಆಗ ಒಳಗಿನಿಂದ ಒಂದು ಕಬ್ಬಿಣದ ನಟ್ಟು, ನಿಂಬೆಹಣ್ಣಿನ ಗಾತ್ರದ್ದು, ತಿರುಗುತ್ತಾ ಬಂತು, ಬರುವುದು ಕಂಡಿತು, ಪಕ್ಕದಲ್ಲಿ ಟಪ್ ಅಂತು, ಪ್ರತಿಮಾಳ ಗಾಜು ಒಡೆದು ಅದರ ಚೂರುಗಳೆಲ್ಲ ಕೆನ್ನೆಯೊಳಗೆ, ಅಕ್ಕಾ ನನ್ ಕಣ್ಣು, ಅಕ್ಕಾ ಕಣ್ಣು ಇದೆಯಾ ನೋಡಕ್ಕಾ, ಆಮೇಲೆ ಯಾರು ನುಗ್ಗಿ ಅಂದರು ನೆನಪಿಲ್ಲ, ಯಾರೂ ಅನ್ನಲಿಲ್ಲವೇನೋ, ಕಾಲುಗಳೇ ನುಗ್ಗಿದವು, ಪೈಪು ದಾಟಿ ಒಳಗೆ ಬಿದ್ದೆವು, ನೂಕಿನಲ್ಲಿ ಪ್ರತಿಮಾಳೂ, ಸೊಂಟದ ಕೆಳಗೆ ಹೊಡೀಬೇಕು, ಮೀನಾಕ್ಷಿ, ಸೊಂಟದ ಕೆಳಗೆ, ಟ್ರೇನಿಂಗಿನಲ್ಲಿ ಹೇಳಿಕೊಟ್ಟದ್ದು ಮೊದಲ ಏಟಿನವರೆಗೆ ನೆನಪಿತ್ತು, ಮೊಣಕಾಲಿಗೆ ಬಿದ್ದ ಏಟಿನ ಸದ್ದೇ ಬೇರೆ, ಹಸಿ ಕಡ್ಡಿ ಮುರಿದ ಹಾಗೆ, ಬೆನ್ನಿನದು ಬೇರೆ, ಬಟ್ಟೆ ಒಗೆದ ಹಾಗೆ, ಯಾರೋ ನನ್ನ ಕುತ್ತಿಗೆಗೆ ಸರಪಳಿ ಹಾಕಿ ಎಳೆದ, ನಾನು ಹಿಂದಕ್ಕೆ ಮೊಣಕೈಯಿಂದ ಗುದ್ದಿದೆ, ಹಲ್ಲು ಮುರಿದದ್ದು ಮೊಣಕೈಗೆ ಗೊತ್ತಾಯಿತು, ಒಬ್ಬಳು ನನ್ನ ತೊಡೆ ಕಚ್ಚಿದಳು, ಬಟ್ಟೆ ಸಮೇತ ಕಚ್ಚಿ ಹಿಡಿದಳು, ಅವಳ ನೆತ್ತಿ ಕಂಡಿತು, ಬೈತಲೆಯ ಕುಂಕುಮ ಕಂಡಿತು, ಲಾಠಿ ಎತ್ತಿದೆ, ಇಳಿಸಲಿಲ್ಲ, ಕೂದಲು ಹಿಡಿದು ಎಳೆದು ಬಿಸಾಡಿದೆ, ನೆಲವೆಲ್ಲ ನೀರು, ನೀರಲ್ಲಿ ರಕ್ತ ಎಳೆಎಳೆಯಾಗಿ, ನಮ್ಮವನೊಬ್ಬ ಪಂಪಿನ ಮೇಲೆ ಬೋರಲು ಬಿದ್ದಿದ್ದ, ಅವನ ಕವಚ ಕಿತ್ತು ಅದರಲ್ಲೇ ಅವನಿಗೆ ಬಡಿಯುತ್ತಿದ್ದರು, ಇವನ್ಲಾ ಇವನ್ಲಾ ಸುನಿಲನ್ನ ಬೇಯ್ಸಿದೋನು, ಅವನಲ್ಲ, ಅವನಲ್ಲ ಕಣ್ರೋ, ಅವನು ಹೊರಗಿದಾನೆ, ನಿಮಗೆ ಬೇಕಾದವನು ಹೊರಗೇ ಇದಾನೆ — ನನ್ನ ಕೂಗು ಗಾಜಿನೊಳಗೇ ಸುತ್ತಿ ನನ್ನ ಕಿವಿಗೇ ಬಂತು.

ಆಗ ಆ ಸದ್ದು, ಧಡ್, ಎಲ್ಲರ ಕೈಯೂ ನಿಂತಿತು, ಹೊಡೆಯುವವರದೂ ತಡೆಯುವವರದೂ. ಹೊರಗಿದ್ದ ಮುಖ್ಯಸ್ಥ ಪೈಪು ಒದ್ದು ತೆಗೆದಿದ್ದ, ಬಾಗಿಲು ಮುಚ್ಚಿತ್ತು. ಮೊದಲು ನಮ್ಮವರಲ್ಲೊಬ್ಬ ನಕ್ಕ, ಏಯ್, ನಾವಿದೀವಲ್ಲೋ ಒಳಗೆ, ಅಂದ, ಹೋಗಿ ಬಾಗಿಲು ತಟ್ಟಿದ, ಮರ್ಯಾದೆಯಾಗಿ ತಟ್ಟಿದ, ಅತಿಥಿಯ ಹಾಗೆ, ಆಮೇಲೆ ಗುದ್ದಿದ, ಆಮೇಲೆ ಕೈಯಿಂದ ಸವರಿ ಸವರಿ ಹಿಡಿ ಹುಡುಕಿದ, ಇರಬೇಕಾದ ಜಾಗದಲ್ಲಿ ನುಣುಪು ಕಬ್ಬಿಣ, ಒಂದು ಕಡೆ ಒಣಗಿದ ಬಣ್ಣದ ಗಂಟು, ಅದನ್ನೇ ಉಗುರಿನಿಂದ ಕೆರೆದ. ತಲೆಯ ಮೇಲಿನ ಫ್ಯಾನು ನಿಧಾನವಾಯಿತು, ರೆಕ್ಕೆಗಳು ಒಂದೊಂದಾಗಿ ಕಣ್ಣಿಗೆ ಕಂಡವು, ನಿಂತಿತು, ಈ ಹಡಗಿನಲ್ಲಿ ಫ್ಯಾನು ನಿಂತರೆ ಗಾಳಿ ನಿಂತಂತೆ, ಮಕ್ಕಳಿಗೂ ಗೊತ್ತು, ವಿಜಯಸಾರಥಿಯವರ ದನಿ, ಸಹಕರಿಸಬೇಕು, ತಮಗೆ ನಿದ್ರೆ ಬರುತ್ತದೆ, ಅಷ್ಟೇ, ಯಾರೂ ಗಾಬರಿಯಾಗುವ ಕಾರಣವಿಲ್ಲ — ನಮ್ಮವರಿದ್ದಾರೆ ಸರ್ ಒಳಗೆ, ವಾಕಿಟಾಕಿಯಲ್ಲಿ ಕಿರುಚಿದೆ, ಗಾರ್ಡುಗಳಿದ್ದೀವಿ ಸರ್, ಗೊತ್ತಿದೆ ಮೀನಾಕ್ಷಿಯವರೇ, ಅಂದರು, ಗೊತ್ತಿದೆ. ಅಷ್ಟೇ ಅಂದರು. ಪ್ರತಿಮಾ ಒಂದು ಕಣ್ಣಿಗೆ ಕೈ ಒತ್ತಿಕೊಂಡು ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಿದ್ದಳು, ಅವಳನ್ನು ಬಂದು ಹಿಡಿದುಕೊಂಡದ್ದು ಅತ್ತೆ, ಬಾರವ್ವ, ಕೂತ್ಕೋ, ಬಡಿಬ್ಯಾಡ, ಬಡಿದ್ರೆ ಉಸ್ರು ಬೇಗ ಮುಗೀತದೆ, ನಮ್ ಸುನಿಲ ಬಡಿದೇ ಸತ್ತ, ತನ್ನ ಸೆರಗು ಹರಿದು ಅವಳ ಕಣ್ಣಿಗೆ ಕಟ್ಟಿದರು, ಕಟ್ಟುತ್ತಾ ಉಬ್ಬಸ ಬಂದು ತಾವೇ ಅವಳ ಹೆಗಲ ಮೇಲೆ ಒರಗಿಕೊಂಡರು. ನಾನು ಕವಚ ಕಿತ್ತು ಎಸೆದೆ. ರಾಜಶೇಖರ್ ನೋಡಿದರು. ಬಾಯಲ್ಲಿ ರಕ್ತ, ಒಂದು ಕೈ ಜೋತುಬಿದ್ದಿತ್ತು, ನೀನಾ, ಅಂದರು, ಬೆಳಗ್ಗಿಂದ ನೋಡ್ತಾ ಇದೀನಿ, ಯಾವ ತಲೆ ನಿನ್ನದು ಅಂತ. ಇಷ್ಟೇ ಮಾತು, ಇಷ್ಟು ದಿನದ ಮೇಲೆ. ನಾನು ವಾಕಿಟಾಕಿ ಎತ್ತಿ ಸುಳ್ಳು ಹೇಳಿದೆ, ಸರ್, ಮುಗೀತು ಸರ್, ಎಲ್ಲಾ ಶರಣಾಗಿದಾರೆ, ಪಂಪು ಶುರು ಮಾಡ್ತಾರಂತೆ, ಬಾಗಿಲು ತೆಗೆಸಿ, ಬಾಗಿಲ ಮೇಲಿನ ಕ್ಯಾಮೆರಾದ ಕೆಂಪು ದೀಪ ನಮ್ಮನ್ನೇ ನೋಡುತ್ತಿತ್ತು, ವಿಜಯಸಾರಥಿಯವರು ತಡೆದು ತಡೆದು ಮಾತಾಡಿದರು, ಪಂಪು ಇವತ್ತು ಶುರುವಾಗುತ್ತದೆ, ನಾಳೆ ನಿಲ್ಲುತ್ತದೆ, ಮೀನಾಕ್ಷಿಯವರೇ, ನಾಯಕ ನಿಂತೇ ಇದ್ದಾನೆ, ಕಾಣಿಸುತ್ತಿದೆ ನನಗೆ, ಅವನು ಬೀಳುವುದನ್ನು ಎಲ್ಲರೂ ನೋಡಬೇಕು, ಅವನು ಬಿದ್ದರೆ ಬಾಗಿಲು ತೆರೆಯುತ್ತದೆ, ಅವರು ನಿಮ್ಮ ಯಜಮಾನರು ಅಂತ ಬಲ್ಲೆ, ಆದ್ದರಿಂದಲೇ ಬೇರೆಯವರಿಗೆ ಹೇಳದೆ ನಿಮಗೆ ಹೇಳುತ್ತಿದ್ದೇನೆ.

ಎಲ್ಲರಿಗೂ ಕೇಳಿಸಿತು. ಗೋಡೆಗೆ ಒರಗಿದ್ದವರು ಒಬ್ಬೊಬ್ಬರಾಗಿ ಜಾರಿ ಕೂರುತ್ತಿದ್ದರು, ಅತ್ತೆಯ ತುಟಿ ನೇರಳೆಹಣ್ಣು ತಿಂದ ಬಣ್ಣಕ್ಕೆ ತಿರುಗಿತ್ತು, ಔಷಧಿ ನನ್ನ ಜೇಬಿನಲ್ಲಿತ್ತು, ಸೀಸೆಯನ್ನು ಬಾಯಿಗಿಟ್ಟು ಎರಡು ಸಲ ಉಸಿರಿನೊಂದಿಗೆ ಎಳೆಸಿದೆ, ಗಾಳಿಯೇ ಇಲ್ಲದ ಮೇಲೆ ಔಷಧಿ ಏನು ಮಾಡೀತು, ರಾಜಶೇಖರ್ ನನ್ನ ಹತ್ತಿರ ಬಂದು ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತರು, ಹೊಡಿ ಕಣೇ, ಅಂತ ಪಿಸುಗುಟ್ಟಿದರು, ಎಲ್ರಿಗೂ ಹೇಳಿದೀನಿ, ನಾನು ಬಿದ್ದ ಕೂಡ್ಲೇ ಎಲ್ರೂ ಮಲಗ್ತಾರೆ, ಬಾಗ್ಲು ತೆಗೆದೇಟ್ಗೆ ಎದ್ದು ನುಗ್ತಾರೆ, ನಿಮ್ಮೋರೂ ಬತ್ತೀವಿ ಅಂದವ್ರೆ, ಹೊಡಿ, ನಾನು ಮೆಲ್ಲಗೆ ಹೊಡೀತೀನ್ರೀ, ನೀವು ಬೀಳಿ, ಅಂದೆ, ಹೊಡೆದೆ, ಹೆಗಲಿಗೆ, ಅವರು ಬಿದ್ದರು, ಎಷ್ಟು ಕೆಟ್ಟದಾಗಿ ಬಿದ್ದರು ಅಂದರೆ ಬೇರೆ ದಿನವಾಗಿದ್ದರೆ ನಗುತ್ತಿದ್ದೆ, ಕೈಯೂರಿ ಜೋಪಾನವಾಗಿ ಬಿದ್ದರು, ಮೈಕಿನಲ್ಲಿ ನಿಟ್ಟುಸಿರು, ನಾಟಕ ಬೇಡ ತಾಯಿ, ನಾಟಕ ನಾನು ಬಹಳ ನೋಡಿದ್ದೇನೆ. ರಾಜಶೇಖರ್ ಎದ್ದರು, ಎದ್ದು ನನ್ನ ಮುಂದೆ ಮಂಡಿಯೂರಿ ಕೂತರು, ತಲೇಗೆ ಹೊಡಿ, ತಲೆಯಾಗೆ ರಕ್ತ ಜಾಸ್ತಿ ಬತ್ತದೆ, ನೋಡಿದೋರು ಸತ್ತ ಅನ್ಕತಾರೆ, ಸಾಯಲ್ಲ, ಎಸ್ಟೇಟ್ನಾಗೆ ಮರದಿಂದ ಬಿದ್ದೋರ್ನ ಎಷ್ಟು ಜನನ್ನ ಹೊತ್ಕಂಡು ಹೋಗಿಲ್ಲ ನಾನು, ಅಂದರು, ಎರಡು ಬೆರಳು ಜೋಡಿಸಿ ಕಿವಿಯ ಮೇಲೆ ಇಟ್ಟು ತೋರಿಸಿದರು, ಇಲ್ಲಿ, ಅಂದರು. ಅಲ್ಲಿ ಬೇಡ, ಅಲ್ಲಿ ಮೂಳೆ ತೆಳುವು, ಅಲ್ಲಿ ಹೊಡೆಯಲೇಬಾರದು ಅಂತ ನಮಗೆ ಹೇಳಿಕೊಟ್ಟಿದ್ದಾರೆ, ಅನ್ನಬೇಕು ನಾನು, ಅನ್ನಲು ಬಾಯಿ ತೆಗೆದೆ, ಅತ್ತೆಯ ಕತ್ತು ವಾಲಿತು, ಪ್ರತಿಮಾ ಕೂಗಿದಳು, ಅಕ್ಕಾ, ಅಜ್ಜಿ ಉಸಿರಾಡ್ತಿಲ್ಲ ಅಕ್ಕಾ, ನಾನು ಎರಡೂ ಕೈಯಿಂದ ಲಾಠಿ ಎತ್ತಿದೆ.

ರಕ್ತ ಬಂತು, ಅವರು ಹೇಳಿದ ಹಾಗೇ, ಬಹಳ ಬಂತು. ಈ ಸಲ ಕೈಯೂರಲಿಲ್ಲ. ಎಲ್ಲರೂ ಮಲಗಿದರು, ನಾನೊಬ್ಬಳೇ ನಿಂತಿದ್ದೆ, ಧನ್ಯವಾದ ಅಂತು ಮೈಕು, ಫ್ಯಾನು ತಿರುಗಿತು, ಹೊರಗೆ ಹಿಡಿ ತಿರುಗಿದ ಸದ್ದು, ಬಾಗಿಲಿನ ಸಂದಿಯಲ್ಲಿ ಬೆಳಕಿನ ಗೀಟು, ಗೀಟು ಅಗಲವಾಯಿತು, ಮುಖ್ಯಸ್ಥನ ಬೂಟು ಒಳಗೆ ಬಂತು — ನೆಲವೇ ಎದ್ದ ಹಾಗೆ ಎದ್ದರು, ಕೂಲಿಗಳು, ಗಾರ್ಡುಗಳು, ಕವಚವಿದ್ದವರು ಇಲ್ಲದವರು, ಮುಖ್ಯಸ್ಥ ಹಿಂದಕ್ಕೆ ತಿರುಗುವಷ್ಟರಲ್ಲಿ ಅವನ ಮೇಲೆ ಹರಿದರು, ಅವನ ಕೂಗು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ, ಮೇಲಕ್ಕೆ ಹತ್ತುವ ಕಾಲುಗಳ ಸದ್ದು, ಗಾಜು ಒಡೆದ ಸದ್ದು, ಮೇಲೆ ಹೆಂಗಸರು ಕೂಗಿದ ಸದ್ದು, ನಾನು ಅತ್ತೆಯ ಬಾಯಿಗೆ ಬಾಯಿಟ್ಟು ಊದುತ್ತಿದ್ದೆ, ಎದೆ ಒತ್ತುತ್ತಿದ್ದೆ, ಬಾರವ್ವ, ಬಾ, ಅವರು ಬಂದರು, ಕೆಮ್ಮುತ್ತಾ ಬಂದರು, ಕಣ್ಣು ಬಿಟ್ಟು ಮೊದಲು ಕೇಳಿದ್ದು ಬಾಗ್ಲು, ಬಾಗ್ಲು ತೆಗೆದೈತಾ. ತೆಗೆದಿದೆ ಅತ್ತೆ. ವಿಜಯಸಾರಥಿಯವರನ್ನು ಎಳೆದುಕೊಂಡು ಬಂದರು, ಪಂಚೆ ಹರಿದಿತ್ತು, ಕನ್ನಡಕವಿರಲಿಲ್ಲ, ಕನ್ನಡಕವಿಲ್ಲದೆ ಯಾರದೋ ಮನೆಯ ವಯಸ್ಸಾದ ಮಾವನ ಹಾಗಿದ್ದರು, ಸುನಿಲನ ಬಾಗಿಲು ಮುಚ್ಚಿ ಎಂದವನು ನಾನೇ, ನಾನೇ ಅಪ್ಪಾ, ಒಪ್ಪಿಕೊಳ್ಳುತ್ತೇನೆ, ಅನ್ನುತ್ತಿದ್ದರು, ಆ ಚೆಂದದ ಕನ್ನಡ ಹಲ್ಲಿಲ್ಲದ ಸಂದಿಯಲ್ಲಿ ಸೋರಿಹೋಗುತ್ತಿತ್ತು, ಕೊಳವೆಗಳ ಓಣಿಯೊಳಗೆ ತಳ್ಳಿ ಬಾಗಿಲು ಹಾಕಿದರು, ಬಿಡ್ರಲಾ ಹಬೆಯ, ಬೇಯ್ಲಿ ಬಡ್ಡಿಮಗ, ಒಳಗಿನಿಂದ ಬಡಿತ, ಅಂಗೈಯ ಬಡಿತ, ಟಪ ಟಪ, ಹಬೆಯ ಚಕ್ರದ ಮೇಲೆ ಯಾರದೋ ಕೈ ಆಗಲೇ ಕೂತಿತ್ತು. ಅತ್ತೆ ಗೋಡೆ ಹಿಡಿದು ಎದ್ದರು. ತೆಗೀರ್ಲಾ, ಅಂದರು. ಅವ್ವಾ, ನಿನ್ ಮಗನ್ನ ಕೊಂದೋನು ಕಣವ್ವಾ. ಗೊತ್ತು ಕಣ್ಲಾ, ಅದಕ್ಕೇ, ಈ ಸದ್ದ ಇನ್ನೊಂದ್ಸಲ ಕೇಳಕ್ಕೆ ನನ್ ಕೈಲಿ ಆಗಾಕಿಲ್ಲ, ತೆಗೀರಿ, ಅಂದು ಯಾರಿಗೂ ಕಾಯದೆ ತಾವೇ ಹೋಗಿ ಹಿಡಿಗೆ ಜೋತುಬಿದ್ದು ತಿರುಗಿಸಿದರು, ವಿಜಯಸಾರಥಿಯವರು ಹೊರಗೆ ಬಿದ್ದರು, ಅತ್ತೆ ಅವರನ್ನು ತಿರುಗಿಯೂ ನೋಡದೆ, ನನ್ ದೊಡ್ಡ ಮಗ ಎಲ್ಲವ್ನೆ, ಅಂದರು.

ದೊಡ್ಡ ಮಗ ಎಲ್ಲವ್ನೆ. ಇಲ್ಲಿದ್ದಾರೆ ಅತ್ತೆ, ನನ್ನ ಮಡಿಲಲ್ಲಿದ್ದಾರೆ, ನಡುವಿನ ಅಂತಸ್ತಿನ ಡಾಕ್ಟರು ಬಂದರು, ರೆಪ್ಪೆ ಎತ್ತಿ ನೋಡಿದರು, ಒಂದು ಕಣ್ಣಿನ ಪಾಪೆ ದೊಡ್ಡದಾಗಿತ್ತು, ಇನ್ನೊಂದರದು ಚಿಕ್ಕದು, ಒಳಗೆ ರಕ್ತ ಕಟ್ಟಿದೆ ಅಮ್ಮ, ಅಂದರು, ಆಮೇಲೆ ಕೈ ಹಿಡಿದು ಕೂತರು, ಆಮೇಲೆ ಆ ಕೈಯನ್ನು ಎದೆಯ ಮೇಲಿಟ್ಟು ಎದ್ದುಹೋದರು, ಇವರ ಉಸಿರು ಹೋದದ್ದು ನನಗೆ ಗೊತ್ತಾಯಿತು, ಮಡಿಲಿನ ಭಾರ ಬೇರೆಯಾಯಿತು. ಪಂಪು ಶುರು ಮಾಡಿದ್ದಾರೆ, ನೆಲ ಗುಂಯ್ ಅನ್ನುತ್ತಿದೆ, ಬೇಲೂರಿಗೂ ನೀರು ಹತ್ತುತ್ತಿದೆ, ಹಳೇಬೀಡಿಗೂ, ಬಾಗಿಲಿನ ಹತ್ತಿರ ಬೆಸುಗೆಯ ಕಿಡಿ ಹಾರುತ್ತಿದೆ, ಯಾರೋ ಕೇಳುತ್ತಾರೆ, ಇಷ್ಟೆತ್ತರ ಸಾಕೇನವ್ವ, ಕೈಗೆ ಎಟಕ್ತದಾ, ಇನ್ಯಾರೋ ಹೇಳುತ್ತಾರೆ, ತುಸಾ ಕೆಳಗಿರ್ಲಿ, ಮಕ್ಕಳಿಗೂ ಎಟಕ್ಬೇಕು, ಒಳ್ಳೆಯದು, ಎಟುಕಲಿ. ಪ್ರತಿಮಾ ಬಂದು ಲಾಠಿ ತೆಗೆದುಕೊಂಡು ಹೋಗುತ್ತಾಳೆ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದುಕೊಳ್ಳುತ್ತಾಳೆ. ಅತ್ತೆ ಎದುರಿಗೆ ಕೂತಿದ್ದಾರೆ, ಅಳುತ್ತಿಲ್ಲ, ಮಗನ ತಲೆಯ ಮೇಲೆ ಕೈಯಾಡಿಸಿ ಗಾಯ ಮುಟ್ಟಿ ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ, ಹೇಳವ್ವ, ಅವ್ನು ತೋರ್ಸಿದ್ ಜಾಗ್ವೇ ತಾನೆ ಇದು, ಅನ್ನುತ್ತಾರೆ, ನೀನಾಗಿ ಹೊಡೀಲಿಲ್ಲ ತಾನೆ, ಅನ್ನುತ್ತಾರೆ, ಬೈಯುವ ದನಿಯಲ್ಲ, ಬೇಡುವ ದನಿ, ಹೌದು ಅಂದರೆ ಸಾಕು, ಹೌದು ಅತ್ತೆ ಅವರೇ ತೋರಿಸಿದರು, ಅದು ನಿಜ, ಎಲ್ಲರೂ ನೋಡಿದ್ದಾರೆ, ಆದರೆ ಬೆರಳು ಇದ್ದದ್ದು ಕಿವಿಯ ಮೇಲೆಯೋ, ಅದಕ್ಕೂ ಮೇಲೆಯೋ, ಕೂದಲು ದಟ್ಟ ಇರುವಲ್ಲಿಯೋ, ತೋರಿಸುವಾಗ ತಲೆ ಸ್ವಲ್ಪ ವಾಲಿಸಿದರು, ವಾಲಿದ ತಲೆಯಲ್ಲಿ ಮೇಲೆ ಯಾವುದು, ಮೊದಲ ಏಟು ಹೆಂಡತಿಯ ಏಟು, ಕೈ ತಡೆದುಕೊಂಡು ಹೊಡೆದ ಏಟು, ಎರಡನೆಯದಕ್ಕೆ ಕೈಗೆ ಅಷ್ಟು ಬಲ ಎಲ್ಲಿಂದ ಬಂತು, ಅತ್ತೆಯ ಕತ್ತು ವಾಲಿದ್ದರಿಂದ ಬಂತು, ಬಾಗಿಲಿನಿಂದ ಬಂತು, ಅಥವಾ ಬಟ್ಟೆ ಬಿಚ್ಚಾಕಿ ಬಾ ಅಂದ ಆ ಮಾತಿನಿಂದ, ಇಲ್ಲ, ಅದರಿಂದಲ್ಲ, ಅದರಿಂದ ಅಲ್ಲ ಅಂತ ಯಾರು ಹೇಳುತ್ತಾರೆ, ಅವರು ಹೇಳಬೇಕು, ಹೇಳ್ರೀ, ಎಲ್ಲಿ ತೋರಿಸಿದ್ದಿರಿ, ಮಂಡಿಯೂರಿದ್ದಿರಿ, ಮುಖ ಮೇಲೆತ್ತಿದ್ದಿರಿ, ಒಂದು ಕೈ ಜೋತುಬಿದ್ದಿತ್ತು, ಇನ್ನೊಂದು ಕೈ ಎತ್ತಿದಿರಿ, ಎರಡು ಬೆರಳು ಜೋಡಿಸಿದಿರಿ, ಉಗುರಿನಲ್ಲಿ ಗ್ರೀಸಿತ್ತು, ಇಲ್ಲಿ ಅಂದಿರಿ, ಎರಡು ಬೆರಳು, ಕಿವಿಯ ಮೇಲೆ, ಇಲ್ಲಿ, ಎರಡು ಬೆರಳು —